ಬೊಜ್ಜಿಗೆ ವಂಶವಾಹಿ ಎಷ್ಟು ಕಾರಣ, ಊಟ ಎಷ್ಟು ಕಾರಣ? ಕೋಲಾರ ಸೀಮೆಯ ತಟ್ಟೆಯನ್ನು ಮುಂದಿಟ್ಟುಕೊಂಡು

ಬೊಜ್ಜಿನ ಮಾತು ಬಂದಾಗ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಎರಡು ಉತ್ತರಗಳು ಮೊದಲೇ ಸಿದ್ಧವಾಗಿರುತ್ತವೆ. "ನಮ್ಮ ಮನೆತನದಲ್ಲಿ ಎಲ್ಲರ ಮೈಯೂ ಹೀಗೇ, ಅದಕ್ಕೇನು ಮಾಡೋಕಾಗುತ್ತೆ" ಎಂಬುದು ಒಂದು. "ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದೆವು, ಅದರ ಫಲ ಇದು" ಎಂಬುದು ಇನ್ನೊಂದು. ಮೊದಲನೆಯದು ಎಲ್ಲವನ್ನೂ ಹುಟ್ಟಿನ ಮೇಲೆ ಹೊರಿಸುತ್ತದೆ, ಎರಡನೆಯದು ಎಲ್ಲವನ್ನೂ ಒಂದು ಧಾನ್ಯದ ಮೇಲೆ. ಎರಡರಲ್ಲೂ ನಿಜವಿದೆ, ಆದರೆ ಎರಡನ್ನೂ ಬಿಡಿಬಿಡಿಯಾಗಿ ಹಿಡಿದರೆ ದಾರಿ ತಪ್ಪುತ್ತದೆ. ವಂಶವಾಹಿ ತಾನಾಗಿಯೇ ಯಾರ ಹೊಟ್ಟೆಯನ್ನೂ ಬೆಳೆಸುವುದು ತೀರಾ ಅಪರೂಪ. ಊಟವೂ ಎಲ್ಲರ ಮೈಮೇಲೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಯಾವ ದೇಹಕ್ಕೆ ಯಾವ ಊಟ, ಎಷ್ಟು ದುಡಿಮೆಯ ಜೊತೆಗೆ ಸಿಕ್ಕಿತು ಎಂಬುದರ ಮೇಲೆ ಫಲ ನಿಂತಿದೆ.

ಸಮಸ್ಯೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ 30ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು ಶೇ 23 ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂಕಿಅಂಶ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು: ಒಟ್ಟು ತೂಕದ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇ 28.6, ಆದರೆ ಸೊಂಟದ ಸುತ್ತಳತೆಯ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇ 39.5. ಅಂದರೆ ತಕ್ಕಡಿಯ ಮೇಲೆ ನಿಂತಾಗ ಸಿಕ್ಕಿಬೀಳದ ಎಷ್ಟೋ ಮಂದಿ ಅಳತೆ ಟೇಪಿಗೆ ಸಿಕ್ಕಿಬೀಳುತ್ತಾರೆ. ಇದು ಪಟ್ಟಣದವರ ಕಾಯಿಲೆ ಎಂಬ ನಂಬಿಕೆಗೂ ಆಧಾರ ಉಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಆರೋಗ್ಯವನ್ನು ದೀರ್ಘಕಾಲ ಅನುಸರಿಸುವ ಅಧ್ಯಯನ ನಡೆಸುತ್ತಿದೆ. ವಯಸ್ಸಾದ ಮಿದುಳಿನ ಮೇಲೆ ಕಣ್ಣಿಟ್ಟು ಶುರುವಾದ ಆ ಕೆಲಸದಲ್ಲೂ ಹೊಟ್ಟೆಯ ಬೊಜ್ಜು, ಸಕ್ಕರೆ, ರಕ್ತದ ಕೊಬ್ಬಿನ ಏರುಪೇರು ಮಾವಿನ ತೋಪುಗಳ ನಡುವಿನ ಊರುಗಳಲ್ಲೇ ವ್ಯಾಪಕವಾಗಿ ಕಂಡುಬಂದಿವೆ.

ಇನ್ನು ವಂಶದ ಪಾಲಿನ ವಿಚಾರ. ಕೆನಡಾದ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಇವತ್ತಿಗೂ ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪಾಠ. ತದ್ರೂಪಿ ಅವಳಿಗಳಾದ 12 ಜೋಡಿ ಯುವಕರಿಗೆ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿ ಆಹಾರವನ್ನು ವಾರದಲ್ಲಿ ಆರು ದಿನದಂತೆ ನೂರು ದಿನಗಳ ಅವಧಿಯಲ್ಲಿ ಕೊಡಲಾಯಿತು. ಎಲ್ಲರಿಗೂ ಒಂದೇ ಪ್ರಮಾಣದ ಹೆಚ್ಚುವರಿ, ಎಲ್ಲರ ಮೇಲೂ ಒಂದೇ ನಿಗಾ. ಆದರೂ ಒಬ್ಬ 4.3 ಕೆಜಿ ಮಾತ್ರ ಹೆಚ್ಚಿದ, ಇನ್ನೊಬ್ಬ 13.3 ಕೆಜಿ ಹೆಚ್ಚಿದ. ಬೇರೆ ಬೇರೆ ಜೋಡಿಗಳ ನಡುವೆ ಇದ್ದ ಅಂತರಕ್ಕೆ ಹೋಲಿಸಿದರೆ ಒಂದೇ ಜೋಡಿಯ ಅವಳಿಗಳ ನಡುವಿನ ಅಂತರ ತುಂಬ ಕಡಿಮೆಯಿತ್ತು. ಕೊಬ್ಬು ಹೊಟ್ಟೆಯಲ್ಲಿ ಕೂತಿತೋ ಚರ್ಮದ ಕೆಳಗೆ ಹರಡಿತೋ ಎಂಬುದರಲ್ಲೂ ಜೋಡಿಗಳ ಒಳಗೆ ಹೋಲಿಕೆ ಇತ್ತು. ಒಂದೇ ಪಂಕ್ತಿಯಲ್ಲಿ ಕೂತು ಉಂಡವರಲ್ಲಿ ಒಬ್ಬರು ಸಣಕಲಾಗಿಯೇ ಉಳಿದು ಇನ್ನೊಬ್ಬರು ದಪ್ಪಗಾಗುವುದು ಬಾಯಿಚಪಲದ ಮಾತಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ದಪ್ಪಗಿರುವವರನ್ನು ತಿಂಡಿಪೋತರೆಂದು ಹೀಯಾಳಿಸುವ ನಮ್ಮ ರೂಢಿ ಕ್ರೂರವಾದದ್ದು ಮಾತ್ರವಲ್ಲ, ಅದು ವಿಜ್ಞಾನಕ್ಕೂ ವಿರುದ್ಧ.

ಹಾಗಿದ್ದರೂ ಇದೇ ಪ್ರಯೋಗದ ಇನ್ನೊಂದು ಮಗ್ಗುಲನ್ನು ಮರೆಯಬಾರದು. ಹೆಚ್ಚುವರಿ ಆಹಾರ ಕೊಡುವ ತನಕ ಆ ಯುವಕರ ನಡುವಿನ ಈ ವ್ಯತ್ಯಾಸ ಎದ್ದು ಕಾಣುತ್ತಿರಲಿಲ್ಲ. ಊಟ ಬದಲಾದ ಮೇಲೆಯೇ ವಂಶದ ಒಲವು ಹೊರಬಿತ್ತು. ದೇಹತೂಕದಲ್ಲಿ ವಂಶದ ಪಾಲು ಶೇ 40ರಿಂದ 70 ಎಂದು ವಿಜ್ಞಾನಿಗಳು ಹೇಳುವಾಗ ಒಬ್ಬ ವ್ಯಕ್ತಿಯ ಬೊಜ್ಜಿನಲ್ಲಿ ಇಷ್ಟು ಕೆಜಿ ಅಪ್ಪನಿಂದ ಬಂತು, ಇಷ್ಟು ಕೆಜಿ ಹೋಟೆಲಿನಿಂದ ಬಂತು ಎಂಬ ಅರ್ಥ ಅದಕ್ಕಿಲ್ಲ. ಒಂದೇ ಬಗೆಯ ವಾತಾವರಣದಲ್ಲಿ ಬದುಕುವ ಜನರ ನಡುವಿನ ಅಂತರಕ್ಕೆ ಮಾತ್ರ ಆ ಲೆಕ್ಕ ಅನ್ವಯಿಸುತ್ತದೆ. ವಾತಾವರಣವೇ ಬದಲಾದರೆ ಇಡೀ ಊರಿನ ತೂಕ ಒಟ್ಟಾಗಿ ಏರಬಹುದು, ಆಗಲೂ ಊರೊಳಗಿನ ಅಂತರದಲ್ಲಿ ವಂಶದ ಪಾಲು ಹಾಗೆಯೇ ಉಳಿಯಬಹುದು.

ಒಂದೇ ಒಂದು ವಂಶವಾಹಿ ಕೆಟ್ಟು ಬೊಜ್ಜು ಬರುವುದುಂಟು, ಆದರೆ ಅಂಥ ಮಕ್ಕಳು ತೀರಾ ವಿರಳ. ಹೊಟ್ಟೆ ತುಂಬಿತೆಂದು, ಮೈಯಲ್ಲಿ ಕೊಬ್ಬು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನಿನ ವಂಶವಾಹಿ 1994ರಲ್ಲಿ ಪತ್ತೆಯಾಯಿತು. 1997ರಲ್ಲಿ ಇಂಗ್ಲೆಂಡಿನ ವೈದ್ಯರು ಪಾಕಿಸ್ತಾನಿ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳಲ್ಲಿ ಈ ಹಾರ್ಮೋನ್ ಉತ್ಪತ್ತಿಯಾಗುತ್ತಲೇ ಇಲ್ಲವೆಂದು ಕಂಡುಕೊಂಡರು; ಆ ಮಕ್ಕಳ ಹಸಿವಿಗೆ ಕೊನೆಯೇ ಇರಲಿಲ್ಲ, ಚುಚ್ಚುಮದ್ದಿನ ಮೂಲಕ ಲೆಪ್ಟಿನ್ ಕೊಡಲು ಶುರುಮಾಡಿದ ಮೇಲೆ ಹಸಿವು ಹತೋಟಿಗೆ ಬಂತು. ಆ ಕುಟುಂಬದಲ್ಲಿ ರಕ್ತಸಂಬಂಧದೊಳಗೆ ಮದುವೆಗಳು ನಡೆದಿದ್ದವು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇರುವುದರಿಂದ, ಹುಟ್ಟಿದ ಮೊದಲ ವರ್ಷಗಳಲ್ಲೇ ವಿಪರೀತ ತೂಕ ಮತ್ತು ತಣಿಯದ ಹಸಿವು ಇರುವ ಮಗುವನ್ನು "ಒಳ್ಳೆ ದುಂಡಗಿದೆ" ಎಂದು ಖುಷಿಪಟ್ಟು ಸುಮ್ಮನಿರದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಉಳಿದ ನಮ್ಮೆಲ್ಲರ ವಿಚಾರ ಬೇರೆ: ನೂರಾರು ವಂಶವಾಹಿಗಳಲ್ಲಿ ಒಂದೊಂದರದ್ದೂ ಚೂರು ಚೂರು ಪ್ರಭಾವ.

ಆ ನೂರಾರರ ಪೈಕಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಎಫ್‌ಟಿಓ ಎಂಬ ವಂಶವಾಹಿ. 2007ರಲ್ಲಿ ಯುರೋಪಿನ ಸುಮಾರು 39 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ, ಈ ವಂಶವಾಹಿಯ ಒಂದು ಮಾದರಿಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಅದನ್ನು ಒಬ್ಬರಿಂದಲೂ ಪಡೆಯದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗುತ್ತಿದ್ದರು. ಬರೀ ಮೂರು ಕೆಜಿ. ಈ ಮಾದರಿ ಇರುವವರಿಗೆ ಉಂಡ ಮೇಲೂ ತೃಪ್ತಿ ತಡವಾಗಿ ಬರುತ್ತದೆ, ಕ್ಯಾಲೊರಿ ಹೆಚ್ಚಿರುವ ತಿನಿಸಿನ ಕಡೆ ಕೈ ಬೇಗ ಹೋಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿದವು. ಕೊಬ್ಬಿನ ಕೋಶ ಶಕ್ತಿಯನ್ನು ಶಾಖವಾಗಿ ಕಳೆಯಬೇಕೋ ಕೂಡಿಡಬೇಕೋ ಎಂಬ ನಿರ್ಧಾರದಲ್ಲೂ ಇದರ ಕೈವಾಡ ಇರಬಹುದೆಂದು 2015ರ ಸಂಶೋಧನೆ ಸೂಚಿಸಿತು. ನಮಗೆ ಹೆಚ್ಚು ಮುಖ್ಯವಾಗಬೇಕಾದದ್ದು ಇನ್ನೆರಡು ಅಧ್ಯಯನಗಳು. 2011ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಮೈಗೆ ಚಟುವಟಿಕೆ ಇರುವವರಲ್ಲಿ ಎಫ್‌ಟಿಓದಿಂದ ಬರುವ ಬೊಜ್ಜಿನ ಅಪಾಯ ಕಾಲು ಭಾಗಕ್ಕೂ ಹೆಚ್ಚು ತಗ್ಗಿದ್ದು ಕಂಡಿತು. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ತಂಡ 2016ರಲ್ಲಿ ದಕ್ಷಿಣ ಭಾರತದವರನ್ನೇ ಪರೀಕ್ಷಿಸಿದಾಗ, ಈ ಮಾದರಿಯ ಪ್ರಭಾವ ಅನ್ನದಂಥ ಪಿಷ್ಟದ ಆಹಾರವನ್ನು ಅತಿ ಹೆಚ್ಚು ತಿನ್ನುವವರಲ್ಲಿ ಮತ್ತು ಕೂತೇ ಕೆಲಸ ಮಾಡುವವರಲ್ಲಿ ಎದ್ದು ಕಂಡಿತು. ಅದೇ ವಂಶವಾಹಿ, ಅದೇ ಭಾಷೆಯ, ಅದೇ ಸೀಮೆಯ ಜನ. ತಟ್ಟೆಯೂ ದುಡಿಮೆಯೂ ಬೇರೆಯಾದಾಗ ಪರಿಣಾಮವೂ ಬೇರೆ.

ನಮ್ಮ ಮೈಕಟ್ಟಿನಲ್ಲಿಯೇ ಒಂದು ವಿಶೇಷವಿದೆ. 2008ರಲ್ಲಿ ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರ ಅಧ್ಯಯನದಲ್ಲಿ, ಹಸಿವನ್ನು ನಿಯಂತ್ರಿಸುವ ಎಂಸಿ4ಆರ್ ವಂಶವಾಹಿಯ ಹತ್ತಿರದ ಒಂದು ಮಾದರಿಗೂ ಸೊಂಟದ ಸುತ್ತಳತೆಗೂ ನಂಟಿರುವುದು ಪತ್ತೆಯಾಯಿತು, ಮತ್ತು ಆ ಮಾದರಿ ಯುರೋಪಿಯನ್ನರಿಗಿಂತ ಭಾರತೀಯರಲ್ಲಿ ಹೆಚ್ಚು ಸಾಮಾನ್ಯವಾಗಿತ್ತು. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ನಿಕ್ ಅವರ ತಂಡ 1993ರಲ್ಲಿ ಆರಂಭಿಸಿದ ಗರ್ಭಿಣಿಯರ ಅಧ್ಯಯನ ಇನ್ನೂ ಮುಂದೆ ಹೋಗಿ ನೋಡಿತು: ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಬಿಳಿಯ ಶಿಶುಗಳದ್ದು 3.5 ಕೆಜಿ. ನಮ್ಮ ಮಗು ಎಲ್ಲದರಲ್ಲೂ ಚಿಕ್ಕದಿತ್ತು, ಸ್ನಾಯುವಿನಲ್ಲಿ ತೀರಾ ಹಿಂದಿತ್ತು, ಆದರೆ ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ ಬಹುಮಟ್ಟಿಗೆ ಉಳಿಸಿಕೊಂಡಿತ್ತು. ಹೊರಗೆ ಸಣ್ಣ, ಒಳಗೆ ಕೊಬ್ಬು. ಈ ಕಟ್ಟಿನ ದೇಹಕ್ಕೆ ತೊಡೆ, ಪೃಷ್ಠಗಳ ಚರ್ಮದಡಿಯಲ್ಲಿ ಕೊಬ್ಬನ್ನು ಸುರಕ್ಷಿತವಾಗಿ ಕೂಡಿಡುವ ಜಾಗ ಕಡಿಮೆ. ಆ ಜಾಗ ತುಂಬಿದೊಡನೆ ಕೆರೆ ಕೋಡಿ ಬಿದ್ದಂತೆ ಕೊಬ್ಬು ಹೊರಚೆಲ್ಲಿ ಯಕೃತ್ತಿಗೆ, ಮೇದೋಜೀರಕ ಗ್ರಂಥಿಗೆ, ಕರುಳಿನ ಸುತ್ತಮುತ್ತಕ್ಕೆ ಹೋಗಿ ಸೇರುತ್ತದೆ, ಅಲ್ಲಿಂದ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಲವತ್ತರ ಗಂಡಸು ನಮ್ಮ ಪ್ರತಿ ಬಸ್ ನಿಲ್ದಾಣದಲ್ಲೂ ಸಿಗುತ್ತಾನೆ, ಅವನ ತೂಕ ನೋಡಿ "ಏನೂ ತೊಂದರೆ ಇಲ್ಲ" ಎನ್ನುವವರೂ ಸಿಗುತ್ತಾರೆ. ಇದೇ ಕಾರಣಕ್ಕೆ ಭಾರತೀಯರ ಮಟ್ಟಿಗೆ ದೇಹತೂಕ ಸೂಚ್ಯಂಕ (ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು ಎಂದು ತಜ್ಞರು 2009ರಲ್ಲಿಯೇ ಗೆರೆ ಎಳೆದರು. ಸೊಂಟದ ಮಟ್ಟಿಗೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ನಮ್ಮ ಈ ಮೈಕಟ್ಟಿಗೆ ಬರಗಾಲವೇ ಕಾರಣ ಎಂಬ ವಾದವನ್ನು ನೀವು ಕೇಳಿರಬಹುದು. ಬರದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳಬಲ್ಲ ದೇಹಗಳೇ ಬದುಕುಳಿದವು, ಅವರ ಸಂತತಿಗೆ ಈಗ ಸುಭಿಕ್ಷವೇ ಶತ್ರು ಎಂಬ ಊಹೆಯನ್ನು ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದರು. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು, ಕೋಲಾರ ಜಿಲ್ಲೆ ಅತಿ ಹೆಚ್ಚು ನಲುಗಿದ ಭಾಗಗಳಲ್ಲೊಂದು. ಆದ್ದರಿಂದ ಈ ಊಹೆ ನಮ್ಮವರಿಗೆ ಒಪ್ಪಿಗೆಯಾಗುವುದು ಸಹಜ. ನನಗೆ ಮಾತ್ರ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆರೇಳು ತಲೆಮಾರಿನಲ್ಲಿ ಒಂದು ಸೀಮೆಯ ವಂಶವಾಹಿಗಳು ಅಷ್ಟು ಬದಲಾಗುವುದು ಕಷ್ಟ, ಬರವನ್ನೇ ನಂಬಿದ ಆ ಊಹೆಗೆ ವಂಶವಾಹಿಗಳ ಹುಡುಕಾಟದಿಂದ ಗಟ್ಟಿ ಆಧಾರವೂ ಒದಗಿಲ್ಲ. ಅದಕ್ಕಿಂತ ಬಲವಾಗಿ ನಿಂತಿರುವುದು ಗರ್ಭದ ಕಥೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಿದ್ದ ಕ್ಷಾಮದ ಹೊತ್ತಿಗೆ ಗರ್ಭದಲ್ಲಿದ್ದವರನ್ನು ಆರು ದಶಕಗಳ ಬಳಿಕ ಪರೀಕ್ಷಿಸಿದಾಗ, ವಂಶವಾಹಿಯ ಅಕ್ಷರಗಳು ಹಾಗೆಯೇ ಇದ್ದರೂ ಅವು ಎಷ್ಟು ಕೆಲಸ ಮಾಡಬೇಕೆಂದು ಸೂಚಿಸುವಂತೆ ಅವುಗಳ ಮೇಲೆ ಅಂಟಿಕೊಳ್ಳುವ ರಾಸಾಯನಿಕ ಗುರುತುಗಳು ಬದಲಾಗಿದ್ದು ಕಂಡಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನ ಇನ್ನೊಂದು ತುದಿಯನ್ನು ತೋರಿಸಿತು: ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬಾಲ್ಯದಲ್ಲೇ ಕೊಬ್ಬಿನ ಅಂಶ ಹೆಚ್ಚಿತ್ತು. ತಾಯಿಯ ಹಸಿವೂ ತಾಯಿಯ ಸಕ್ಕರೆಯೂ ಮಗುವಿನ ಮೈಯಲ್ಲಿ ಉಳಿಯುತ್ತವೆ, ವಂಶವಾಹಿಯ ಮೂಲಕವೇ ಬರಬೇಕೆಂದಿಲ್ಲ.

ಊಟದ ವಿಚಾರಕ್ಕೆ ಬರುತ್ತೇನೆ. ನಮ್ಮಲ್ಲಿ ಬಹಳ ಮಾತು ನಡೆಯುವುದೂ, ತಪ್ಪು ತಿಳಿವಳಿಕೆ ಹೆಚ್ಚಿರುವುದೂ ಇಲ್ಲೇ. ರಾಗಿಯ ಗುಣ ಸುಳ್ಳಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶದಲ್ಲಂತೂ ಯಾವ ಧಾನ್ಯವೂ ರಾಗಿಯ ಹತ್ತಿರ ಬರುವುದಿಲ್ಲ. ಆದರೆ ಪ್ರೊಟೀನ್ ವಿಷಯದಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ, ಎರಡರಲ್ಲೂ ಅದು ಶೇ 7-8ರ ಆಸುಪಾಸು. ಅಜ್ಜಿಯ ಕಾಲದ ಊಟವನ್ನು ಪೂರ್ತಿಯಾಗಿ ನೋಡಿದರೆ ಮುದ್ದೆಯ ಜೊತೆ ಏನಿತ್ತು ಎಂಬುದೇ ಮುಖ್ಯವಾಗುತ್ತದೆ. ಹುರುಳಿಕಾಳು ಬೇಯಿಸಿ ಬಸಿದು ಮಾಡಿದ ಬಸ್ಸಾರು, ಅದರ ಜೊತೆ ಕಾಳಿನ ಪಲ್ಯ, ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿನ ಮಸ್ಸೊಪ್ಪು, ಮಾಗಿ ಚಳಿಯಲ್ಲಿ ಹಿತಕಿದವರೆ ಸಾರು, ಹುಚ್ಚೆಳ್ಳು ಚಟ್ನಿ. ಒಣಗಿದ ಹುರುಳಿಯಲ್ಲೂ ಅವರೆಯಲ್ಲೂ ಸುಮಾರು ಐದನೇ ಒಂದು ಭಾಗದಷ್ಟು ಪ್ರೊಟೀನ್ ಇರುತ್ತದೆ. ರಾಗಿ ಹಿಟ್ಟನ್ನು ಮನೆಯ ಬೀಸುಕಲ್ಲಿನಲ್ಲಿ ಬೀಸುತ್ತಿದ್ದರು, ತರಿ ಉಳಿಯುತ್ತಿತ್ತು, ಹೊಟ್ಟು ಪೂರ್ತಿ ಹೋಗುತ್ತಿರಲಿಲ್ಲ. ಆ ಊಟ ಮಾಡಿದವರು ಏತ ಎಳೆದರು, ಕಳೆ ಕಿತ್ತರು, ಮೈಲಿಗಟ್ಟಲೆ ನಡೆದರು.

ಈಗ ಮುದ್ದೆ ಇನ್ನೂ ಇದೆ, ಅದರ ಸುತ್ತಲಿನದೆಲ್ಲ ಬದಲಾಗಿದೆ. ಮಿಲ್ಲಿನಲ್ಲಿ ನುಣ್ಣಗೆ ಬೀಸಿ ಸಣ್ಣ ಜರಡಿ ಹಿಡಿದ ಹಿಟ್ಟು. ಎಸರಿಗೆ ಒಂದು ಹಿಡಿ ಅಕ್ಕಿನುಚ್ಚು. ಮೇಲೆ ನೀರಾದ ಟೊಮೆಟೊ ಸಾರು. ಮುದ್ದೆ ಮುಗಿದ ಮೇಲೆ ಅದೇ ತಟ್ಟೆಗೆ ಮತ್ತೆ ಅನ್ನ. ವೇಮಗಲ್, ನರಸಾಪುರದ ಕಾರ್ಖಾನೆಗಳಿಗೆ ಪಾಳಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಕಂಪನಿ ಬಸ್ ಇಳಿಯುವ ಹೊತ್ತಿಗೆ ಎದುರಿಗೆ ಬೇಕರಿಯ ಪಫ್, ತಳ್ಳುಗಾಡಿಯ ಗೋಬಿ ಮಂಚೂರಿ, ಸಕ್ಕರೆ ಮುಂದಾದ ಟೀ ಇರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ನಿದ್ದೆಯ ಹೊತ್ತಿಗೆ ಊಟ, ಊಟದ ಹೊತ್ತಿಗೆ ನಿದ್ದೆ. ಒಂದು ಕಾಲಕ್ಕೆ ಅಡಗಿಯೇ ಇರುತ್ತಿದ್ದ ವಂಶದ ಒಲವು ಮೈಮೇಲೆ ಎದ್ದು ಕಾಣಲು ಇಷ್ಟು ಸಾಕು.

ಈ ಮಾತಿಗೆ ನಮ್ಮದೇ ನೆಲದ ಪುರಾವೆ ಇದೆ. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆಗಳಿಗೆ ಹಳ್ಳಿಯಿಂದ ವಲಸೆ ಬಂದ ಕಾರ್ಮಿಕರನ್ನೂ ಊರಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಹೋಲಿಸಿದ ಭಾರತೀಯ ವಲಸೆ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹಳ್ಳಿಯ ಗಂಡಸರಲ್ಲಿ ಶೇ 19ರಷ್ಟು ಮಂದಿಗೆ ಬೊಜ್ಜಿದ್ದರೆ ವಲಸೆ ಬಂದವರಲ್ಲಿ ಅದು ಸುಮಾರು ಶೇ 38, ಹೆಚ್ಚುಕಡಿಮೆ ಇಮ್ಮಡಿ. ಒಂದೇ ತಾಯಿಯ ಮಕ್ಕಳು ಅವರು.

ಅಕ್ಕಿಯನ್ನು ಬಿಟ್ಟು ರಾಗಿಗೆ ಮರಳಿದರೆ ಸಾಕು ಎನ್ನುವವರು 2025ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಇಂಡಿಯಾಬ್ ಆಹಾರ ಅಧ್ಯಯನವನ್ನು ಗಮನಿಸಬೇಕು. ಭಾರತೀಯರ ಒಟ್ಟು ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಎಂದು ಅದು ಹೇಳಿತು. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದಷ್ಟಕ್ಕೆ ಮಧುಮೇಹದ ಅಥವಾ ಹೊಟ್ಟೆ ಬೊಜ್ಜಿನ ಅಪಾಯ ತಗ್ಗಲಿಲ್ಲ. ಪಿಷ್ಟದ ಒಂದು ಸಣ್ಣ ಪಾಲನ್ನು ಕಾಳು, ಹಾಲು, ಮೊಟ್ಟೆ, ಮೀನಿನಂಥ ಪ್ರೊಟೀನ್‌ಗೆ ಬಿಟ್ಟುಕೊಟ್ಟಾಗ ಮಧುಮೇಹದ ಅಪಾಯ ತಗ್ಗುವ ಸೂಚನೆ ಕಂಡಿತು. ಮುದ್ದೆ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ಮುದ್ದೆ ಒಂದಾಗಬೇಕು, ಒಂದು ಸೌಟು ಕಾಳು ಎರಡಾಗಬೇಕು, ಮುದ್ದೆಯ ಮೇಲೆ ಅನ್ನ ಬೇಡ.

ಪಿಷ್ಟ ಜೀರ್ಣಿಸುವ ಶಕ್ತಿಯೂ ಎಲ್ಲರಲ್ಲಿ ಒಂದೇ ಅಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿಯ ಪ್ರತಿಗಳು ಒಬ್ಬರಲ್ಲಿ ಎರಡೇ ಇದ್ದರೆ ಇನ್ನೊಬ್ಬರಲ್ಲಿ ಹತ್ತಕ್ಕೂ ಹೆಚ್ಚಿರಬಹುದು. ಹಿಂದಿನಿಂದ ಧಾನ್ಯ, ಗೆಡ್ಡೆ ತಿಂದು ಬಂದ ಜನಾಂಗಗಳಲ್ಲಿ ಪ್ರತಿಗಳು ಹೆಚ್ಚು ಎಂದು 2007ರಲ್ಲಿ ಗೊತ್ತಾಯಿತು. ಪ್ರತಿ ಕಡಿಮೆ ಇದ್ದವರಿಗೆ ಬೊಜ್ಜು ಹೆಚ್ಚು ಎಂದು 2014ರಲ್ಲಿ ಬಂದ ವರದಿ ದೊಡ್ಡ ಸುದ್ದಿಯಾಯಿತು, ಮರುವರ್ಷವೇ ಇನ್ನೂ ಸೂಕ್ಷ್ಮವಾಗಿ ಎಣಿಸಿದವರಿಗೆ ಆ ನಂಟು ಸಿಗಲಿಲ್ಲ. ವಂಶವಾಹಿ ನೋಡಿ ಊಟದ ಪಟ್ಟಿ ಬರೆದುಕೊಡುತ್ತೇವೆ ಎನ್ನುವ ಪರೀಕ್ಷೆಗಳ ಜಾಹೀರಾತು ಈಗ ಮೊಬೈಲಿನಲ್ಲಿ ಬರುತ್ತಿರುವುದರಿಂದ ಇದನ್ನು ಹೇಳಬೇಕಾಯಿತು. ಎಂಜಲು ಕಳಿಸಿ, ಸಾವಿರಾರು ರೂಪಾಯಿ ಕಟ್ಟಿ ತರಿಸಿಕೊಳ್ಳುವ ವರದಿಗೆ ಸದ್ಯಕ್ಕೆ ಅಷ್ಟು ಬೆಲೆಯಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರನ್ನು ಕೊಬ್ಬು ಕಡಿಮೆಯ ಊಟ ಮತ್ತು ಪಿಷ್ಟ ಕಡಿಮೆಯ ಊಟ ಎಂದು ಎರಡು ಗುಂಪು ಮಾಡಿ ವರ್ಷವಿಡೀ ಅನುಸರಿಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ಗುಂಪು ಸರಾಸರಿ 5.3 ಕೆಜಿ, ಇನ್ನೊಂದು 6 ಕೆಜಿ ಇಳಿಯಿತು, ಮತ್ತು ವಂಶವಾಹಿಗೆ "ಹೊಂದುವ" ಊಟ ಸಿಕ್ಕವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ನಿರಾಶರಾಗಿರುವವರಿಗೆ ಹೇಳಬೇಕಾದ ಇನ್ನೊಂದು ವಿಷಯವಿದೆ: ಎಂಟು ಪ್ರಯೋಗಗಳ 9,563 ಜನರ ಮಾಹಿತಿಯನ್ನು 2016ರಲ್ಲಿ ಒಟ್ಟಿಗೆ ನೋಡಿದಾಗ, ಎಫ್‌ಟಿಓದ ಅಪಾಯದ ಮಾದರಿ ಇರುವವರು ಊಟ, ವ್ಯಾಯಾಮ, ಔಷಧಗಳಿಂದ ಉಳಿದವರಷ್ಟೇ ತೂಕ ಇಳಿಸಿಕೊಂಡಿದ್ದರು. ಇಂಥ ಅಧ್ಯಯನಗಳ ಬಹುಪಾಲು ಯುರೋಪಿನ ಮೂಲದವರ ಮೇಲೆ ನಡೆದಿದೆ. ದೇಶದ 83 ಸಮುದಾಯಗಳ ಹತ್ತು ಸಾವಿರ ಜನರ ಪೂರ್ಣ ವಂಶವಾಹಿ ನಕ್ಷೆಯನ್ನು ಜೀನೋಮ್ ಇಂಡಿಯಾ ಯೋಜನೆ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿರುವುದರಿಂದ ನಮ್ಮ ಮೈಗೆ ಒಪ್ಪುವ ಉತ್ತರಗಳು ಮುಂದೆ ಸಿಗಬಹುದು.

ಅಲ್ಲಿಯ ತನಕ ಕೈಗೆಟುಕುವ ವಂಶ ಪರೀಕ್ಷೆ ಮನೆಯಲ್ಲೇ ಇದೆ. ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರಮಾವ, ಅಜ್ಜಿ, ಇವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ, ಯಾರಿಗೆ ಐವತ್ತರೊಳಗೆ ಹೃದಯಾಘಾತ ಆಯಿತು, ಯಾರಿಗೆ ಬಸುರಿನಲ್ಲಿ ಸಕ್ಕರೆ ಬಂದಿತ್ತು ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿದರೆ ಅದರಿಂದ ತಿಳಿಯುವಷ್ಟು ವಿಷಯ ಆ ದುಬಾರಿ ವರದಿಗಳಿಂದ ತಿಳಿಯುವುದಿಲ್ಲ. ದರ್ಜಿಯ ಟೇಪನ್ನು ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟ ಹೊತ್ತಿಗೆ, ಬಟ್ಟೆಯ ಮೇಲಲ್ಲದೆ ಮೈಮೇಲೆ ಹಿಡಿದು ಅಳೆಯಬೇಕು. ಮನೆತನದಲ್ಲಿ ಕಾಯಿಲೆ ಇದ್ದು ಅಳತೆಯೂ ಮಿತಿ ದಾಟಿದ್ದರೆ ತೂಕ ಎಷ್ಟೇ ಇರಲಿ, ರಕ್ತಪರೀಕ್ಷೆ ಮಾಡಿಸಬೇಕು.

ಇದನ್ನೆಲ್ಲ ಒಬ್ಬೊಬ್ಬರ ಮನಸ್ಸಿನ ಬಲಕ್ಕೆ ಬಿಟ್ಟು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಬಡವರ ಮನೆಯಲ್ಲಿ ಬಹುಮಟ್ಟಿಗೆ ನ್ಯಾಯಬೆಲೆ ಅಂಗಡಿಯೇ ನಿರ್ಧರಿಸುತ್ತದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ನೀಗಿಸಿದ ಯೋಜನೆ, ಅದರ ಬಗ್ಗೆ ಹಗುರವಾಗಿ ಮಾತಾಡುವವರ ಜೊತೆ ನಾನಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನೂ ಸೇರಿಸಿದ್ದು ಒಳ್ಳೆಯದೇ ಆಯಿತು, ಆದರೆ ಅಕ್ಕಿ, ರಾಗಿ ಎರಡೂ ಪಿಷ್ಟವೇ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಸೇರಿದ ಇಂದಿರಾ ಆಹಾರ ಕಿಟ್ ಕೊಡಲು ನಿರ್ಧರಿಸಿದ್ದರಲ್ಲಿ ಬೇಳೆಯ ಪಾಲು ಸರಿಯಾದ ದಿಕ್ಕಿನ ಹೆಜ್ಜೆ, ಸಕ್ಕರೆಯ ಪಾಲು ಅಲ್ಲ. ಆ ಸಕ್ಕರೆಯ ಜಾಗದಲ್ಲಿ ನಮ್ಮದೇ ಹೊಲಗಳಲ್ಲಿ ಬೆಳೆಯುವ ಹುರುಳಿಯನ್ನೋ ಅವರೆಯನ್ನೋ ಬೆಂಬಲ ಬೆಲೆಗೆ ಕೊಂಡು ತುಂಬಿಸಲು ಇಲ್ಲಿನ ಶಾಸಕರು ಪಕ್ಷಭೇದ ಮರೆತು ಒತ್ತಾಯಿಸಬೇಕು.